ಚೆಂಬಿ ಕ್ಷಮಿಸಲಿಲ್ಲ

ನಾನು ಹಾಲು ಕರೆಯುವ ಯಂತ್ರ. ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ, ಬೀಡಿ ಕಚ್ಚಿಕೊಂಡೇ ತಿರುಪು ಬಿಗಿಯುವವನ ಕೈಯಲ್ಲಿ ಹುಟ್ಟಿದೆ. ಕರು ಕುಡಿಯುವ ಹಾಗೆ ಒಮ್ಮೆ ಹೀರಬೇಕು, ಒಮ್ಮೆ ಸಡಿಲ ಬಿಡಬೇಕು. ಅದಕ್ಕೆಂದು ನನ್ನ ನೆತ್ತಿಯಲ್ಲೊಂದು ಗಾಳಿಯ ತೂತು ಇಟ್ಟಿದ್ದಾರೆ. ನನ್ನ ವಿದ್ಯೆ ಅಷ್ಟೇ. ಅದನ್ನಾದರೂ ನೆಟ್ಟಗೆ ಮಾಡಲು ಮನುಷ್ಯರು ಬಿಡಬೇಕಲ್ಲ!

ಮೊದಲ ಯಜಮಾನ ರಸ್ತೆ ಗುತ್ತಿಗೆದಾರ. ಹಸುವಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಫಾರ್ಮ್ ಮಾಡಿದ್ದ. ನನ್ನ ಕೊಳವೆಗಳನ್ನು ಒಂದು ದಿನವೂ ತೊಳೆಸಲಿಲ್ಲ. ನನ್ನ ಹೊಟ್ಟೆಯಲ್ಲೇ ಹಾಲು ಹುಳಿಯಾಗಿ ನಾರುತ್ತಿತ್ತು, ಥೂ! ಡೈರಿಯವರು ಅವನ ಹಾಲು ಬೇಡವೆಂದ ಮೇಲೆ ಹಸುಗಳನ್ನೂ ನನ್ನನ್ನೂ ಬಿಕರಿ ಮಾಡಿ ಕೈ ತೊಳೆದುಕೊಂಡ.

ನನ್ನನ್ನು ಕೊಂಡವಳು ಮದ್ದೂರಿನ ಕಡೆಯ ಇಂದ್ರಾಣಿ. ಹೆಣ್ಣು ಅಂದರೆ ಹೆಣ್ಣು! ಹಸುಗಳನ್ನು ಕಟ್ಟದೆ ಕೊಟ್ಟಿಗೆಯೊಳಗೆ ಓಡಾಡಲು ಬಿಟ್ಟಳು, ಜೋಳದ ದಂಟು ಕತ್ತರಿಸಿ ಗುಂಡಿಯಲ್ಲಿ ತುಳಿಸಿ ರಸಮೇವು ಮಾಡಿದಳು, ಸಗಣಿ ಗ್ಯಾಸಿನಿಂದ ಒಲೆ ಉರಿಸಿದಳು. ಮೇವಿನ ಕೆಲಸ ಗಂಡ ಬೋರೇಶನದು, ಕರುಗಳ ಆರೈಕೆ ಅತ್ತೆ ಸಣ್ಣಮ್ಮನದು, ನಾನು ಮಾತ್ರ ಅವಳವನು. ಹಾಲು ಕರೆದಾದ ಮೇಲೆ ಪ್ರತಿ ಸಲವೂ ಬಿಸಿನೀರಿನಲ್ಲಿ ಉಜ್ಜಿ ತೊಳೆಯುತ್ತಿದ್ದಳು. ಡೈರಿಯಲ್ಲಿ ಅವಳ ಹಾಲಿಗೆ ಹೆಸರು ಬಂತು. ಸಣ್ಣಮ್ಮನಿಗೆ ಮಾತ್ರ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ಮೈದಡವದೆ ಹಾಲು ಕಿತ್ತುಕೊಳ್ಳುವ ಪಿಶಾಚಿ ಎಂದು ನನ್ನನ್ನು ಕೇರಿಗೆಲ್ಲ ಸಾರಿದ್ದಳು. ಅವಳನ್ನು ಕಂಡರೆ ನನಗೂ ಅಷ್ಟಕ್ಕಷ್ಟೇ.

ಆಯುಧಪೂಜೆಯ ದಿನ ಇಂದ್ರಾಣಿ ಹಬ್ಬದಡುಗೆಯಲ್ಲಿದ್ದಳು. ಬೋರೇಶ ಟ್ರ್ಯಾಕ್ಟರಿಗೆ, ಬೈಕಿಗೆ ಪೂಜೆ ಮಾಡಿ ನನ್ನ ಹತ್ತಿರ ಬಂದ. ಅರಿಶಿನವನ್ನು ಗಟ್ಟಿಯಾಗಿ ಕಲಸಿ ನೆತ್ತಿಗೆ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟು, ಕೈಮುಗಿದ. ಗಾಳಿಯ ತೂತು ಮುಚ್ಚಿಹೋಯಿತು. ಸಂಜೆ ತಾನೇ ನನ್ನನ್ನು ಚೆಂಬಿ ಎಂಬ ಹಸುವಿನ ಕೆಚ್ಚಲಿಗೆ ಹಾಕಿದ. ನಾನು ಹೀರಿದೆ, ಆದರೆ ಬಿಡಲಾಗಲಿಲ್ಲ. ಕಚ್ಚಿದ್ದು ಕಚ್ಚಿದ ಹಾಗೇ ಇತ್ತು. ಚೆಂಬಿ ನೋವಿಗೆ ಕಿರುಚಿ ಒದ್ದಳು. ಆ ಮುಠ್ಠಾಳ ಅವಳ ಕಾಲು ಕಟ್ಟಿ ಮತ್ತೆ ಹಾಕಿದ.

ಮಾರನೆಯ ದಿನಕ್ಕೆ ಕೆಚ್ಚಲು ಬಾತು ಕೆಂಪಾಗಿತ್ತು. ಡಾಕ್ಟರು ಬಂದು ಸೂಜಿ ಹಾಕಿದರು. ಮೂರು ಮೊಲೆ ಉಳಿದವು, ಒಂದು ಬತ್ತಿಹೋಯಿತು.

"ದರಿದ್ರದ ಮಿಷಿನ್ನು. ಇದ್ನ ಗುಜರಿಗಾಕಿ, ಒದೆಯೋ ಹಸಾನ ಸಂತೆಗೊಡ್ದು ಬುಡವ," ಎಂದ ಬೋರೇಶ.

ಇಂದ್ರಾಣಿ ನನ್ನ ನೆತ್ತಿ ಬಿಚ್ಚಿ, ಪಿನ್ನಿನಿಂದ ಕೆರೆದು, ಒಳಗಿನ ಅರಿಶಿನವನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು.

"ಇದ್ರ ಉಸ್ರು ಕಟ್ಸಿದ್ದು ನೀವು. ನೀವ್ ಮಾಡಿದ್ದಕ್ಕೆ ಚೆಂಬಿ ಯಾಕೆ ಸಂತೆಗೋಗ್ಬೇಕು?"

ಅವನು ತಟ್ಟೆ ನೋಡಿದ, ತಪ್ಪಾಯಿತು ಎನ್ನಲಿಲ್ಲ. ದೇವರ ಕೆಲಸದಲ್ಲಿ ಕೊಂಕು ತೆಗೆಯಬಾರದೆಂದು ಗೊಣಗಿ ಎದ್ದುಹೋದ. ಅವನ ಮೇಲೆ ನನಗೆ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಚೆಂಬಿ ಮನೆಯಲ್ಲೇ ಉಳಿದಳು. ಅವಳ ಮೂರು ಮೊಲೆಗಳನ್ನು ಸಣ್ಣಮ್ಮ ಕೈಯಲ್ಲೇ ಕರೆಯತೊಡಗಿದಳು. ನಾನು ಹತ್ತಿರ ಸುಳಿದರೆ ಸಾಕು, ಚೆಂಬಿ ನಡುಗುತ್ತಿದ್ದಳು.

ವರ್ಷಗಳು ಕಳೆದು ಕೊಟ್ಟಿಗೆ ದೊಡ್ಡದಾಯಿತು. ಕೊಳವೆಗಳಲ್ಲೇ ಹಾಲು ಹರಿಯುವ ಹೊಸ ಯಂತ್ರ ಬಂತು. ನನ್ನ ಮೋಟಾರು ಏದುಸಿರು ಬಿಡುತ್ತಿತ್ತು. ಪಕ್ಕದೂರಿನವನೊಬ್ಬ ನನ್ನನ್ನು ಒಯ್ಯಲು ಗೂಡ್ಸ್ ಆಟೊ ತಂದ. ಬೋರೇಶ ನನ್ನನ್ನು ಹೊಗಳಿದ್ದೇ ಹೊಗಳಿದ್ದು, ಒಂದು ದಿನವೂ ಮೋಸ ಮಾಡಿಲ್ಲವೆಂದ. ನನ್ನನ್ನು ಎತ್ತಿಕೊಂಡು ಹೋಗುವುದನ್ನು ಕಂಡು ಮುದಿ ಚೆಂಬಿ ಬೆದರಿ ಹಿಂಗಾಲು ಎತ್ತಿದಳು. ಅದ್ಯಾಕೆ ಹಾಗೆ ಎಂದು ಬಂದವನು ಕೇಳಿದ.

"ಅದ್ಕೆ ಮೊದ್ಲಿಂದ್ಲೂ ಒದೆಯೋ ಬುದ್ಧಿ," ಎಂದ ಬೋರೇಶ.

ಎಲಾ ಸುಳ್ಳ! ನನಗೆ ಬಾಯಿದ್ದಿದ್ದರೆ ಅವನ ಮಾನ ಅಲ್ಲೇ ಹರಾಜು ಹಾಕುತ್ತಿದ್ದೆ. ಆದರೆ ಚೆಂಬಿ ನೋಡುತ್ತಿದ್ದದ್ದು ಅವನನ್ನಲ್ಲ, ನನ್ನನ್ನು. ತೂತು ಮುಚ್ಚಿದವನು ಯಾರೆಂದು ಅವಳಿಗೇನು ಗೊತ್ತು? ಕಚ್ಚಿದ್ದು ನಾನು.

ಇಂದ್ರಾಣಿ ಓಡಿಬಂದಳು. ಅಷ್ಟು ವರ್ಷ ನನ್ನನ್ನು ತೊಳೆದ ಕೈಯಿಂದಲೇ, ಚೆಂಬಿಗೆ ಕಾಣದ ಹಾಗೆ, ನನ್ನ ಮೇಲೆ ಗೋಣಿಚೀಲ ಮುಚ್ಚಿದಳು.