ಬಿರುಕಿನ ಓದು

"ತಾರಕ್ಕ, ಆ ಒರಿಜಿನಲ್ ಹಾಳೆ ಒಮ್ಮೆ ನೋಡ್ಲಿಕ್ಕೆ ಸಿಗ್ತದಾ?"

ಗಂಡನ ಬಾಯಿಗೆ ಅಕ್ಕಿಕಾಳು ಹಾಕುತ್ತಿದ್ದ ತಾರಾಳ ಕೈ ತಡೆದು ನಿಂತಿತು. ಕೇಳಿದವನು ಜೋಸೆಫ್, ಕರೆನ್ ಬಡಾವಣೆಯ ಬೈಬಲ್ ಕಾಲೇಜಿನ ಮೇಷ್ಟ್ರು. ಸ್ಮಶಾನಕ್ಕೆ ಹೆಣ ತಂದು ಅರ್ಧ ಗಂಟೆಯಾಗಿಲ್ಲ, ಆಗಲೇ ವರಾತ. ನಾಚಿಕೆಗೆಟ್ಟವನು!

"ನನ್ನ ಬುಕ್ ಇವತ್ತೇ ಪ್ರೆಸ್ಸಿಗೆ ಹೋಗ್ಬೇಕು. ಜೆರಾಕ್ಸ್ ಉಂಟು, ಆದ್ರೂ ಒಮ್ಮೆ ತಾಳೆ ನೋಡುವಾ ಅಂತ."

* * *

ತಾರಾಳ ಗಂಡ ಅನಂತರಾಮ ವಾರವೆಲ್ಲ ಮೊಬೈಲ್ ಟವರ್‌ಗಳನ್ನು ನೋಡಿಕೊಳ್ಳುತ್ತಿದ್ದ. ಭಾನುವಾರ ಮಾತ್ರ ಒಂದು ಕಲ್ಲಿಗೆ ಮೀಸಲು. ಯೇಸುವಿಗಿಂತ ಹಳೆಯ ಹೀಬ್ರೂ ಶಾಸನ ಅದು. ಜೆರುಸಲೇಮಿಗೆ ಹೋಗಿ, ಅಪ್ಪಣೆ ಪಡೆದು, ತೆಳುಹಾಳೆಯಲ್ಲಿ ಗೆರೆಗೆ ಗೆರೆ ಬರೆದುಕೊಂಡು ಬಂದಿದ್ದ. ಅಕ್ಷರಕ್ಕೆ ಕಪ್ಪು ಶಾಯಿ, ಕಲ್ಲಿನ ಬಿರುಕಿಗೆ ಕೆಂಪು ಪೆನ್ಸಿಲ್.

"ರಕ್ಷಕ ಬರ್ತಾನೆ ಅಂತ ಜನ ಆಗ್ಲೇ ಕಾಯ್ತಿದ್ರು ಕಣೆ. ಇದ್ರಲ್ಲಿರೋದು ಅಷ್ಟೇ," ಎನ್ನುತ್ತಿದ್ದ.

ಜೋಸೆಫ್ ಜೆರಾಕ್ಸ್ ಕೇಳಿ ಒಯ್ದ. ವರ್ಷದ ಮೇಲೆ, ಸತ್ತ ರಕ್ಷಕ ಮೂರನೇ ದಿನ ಏಳುವ ಮಾತು ಈ ಕಲ್ಲಿನಲ್ಲೇ ಇದೆ, ಕಂಡುಹಿಡಿದವನು ತಾನೇ ಎಂದು ದೊಡ್ಡ ಸಭೆಯಲ್ಲಿ ಭಾಷಣ ಬಿಗಿದ. ಅನಂತರಾಮನ ಹೆಸರು ಎಲ್ಲೂ ಇಲ್ಲ.

"ಬಿರುಕನ್ನೂ ಅಕ್ಷರ ಅಂತ ಓದಿದಾನೆ. ಜೆರಾಕ್ಸಲ್ಲಿ ಕೆಂಪೂ ಕಪ್ಪೇ ಅಲ್ವಾ? ಹೇಳ್ಬೇಕು, ಪಾಪ."

ಹೇಳಲು ಮೂರು ಸಲ ಫೋನ್ ಮಾಡಿದ. ಜೋಸೆಫ್ ಇವನ ನಂಬರನ್ನೇ ಬ್ಲಾಕ್ ಮಾಡಿದ. ಆಮೇಲೆ ಅನಂತರಾಮ ಆ ಹಾಳೆ ಬಿಚ್ಚಲೇ ಇಲ್ಲ.

* * *

ಅವನ ಜೊತೆಗೇ ಹೋಗಲಿ ಎಂದು ತಾರಾ ಹಾಳೆಯನ್ನು ತಂದಿದ್ದಳು. ಅದಿನ್ನೂ ಕಾರಿನಲ್ಲಿತ್ತು. ಬಿಚ್ಚಿ ತೋರಿಸಿದರೆ ಜೋಸೆಫ್ ಬಚಾವಾಗುತ್ತಾನೆ. ಇದ್ದಿದ್ದರೆ ಗಂಡ ತೋರಿಸಿಯೇಬಿಡುತ್ತಿದ್ದ. ಅವಳು ಕೈಯಲ್ಲಿ ಉಳಿದಿದ್ದ ಅಕ್ಕಿಕಾಳನ್ನು ಗಂಡನ ಬಾಯಿಗೆ ಹಾಕಿದಳು.

"ಅವ್ರ ಬೆನ್ನ ಕೆಳಗೆ ಇಟ್ಬಿಟ್ಟೆ," ಎಂದಳು.

"ಬಟ್ ಅಮ್ಮ, ಇಟ್ಸ್ ಇನ್ ದ—" ಮಗಳು ನಿಹಾರಿಕಾಳ ಮಣಿಕಟ್ಟನ್ನು ತಾರಾ ಬಿಗಿಯಾಗಿ ಅದುಮಿದಳು.

ಜೋಸೆಫ್ ಚಿತೆಯತ್ತ ನೋಡಿದ. "ಅಯ್ಯೋ ದೇವರೇ."

"ಜೆರಾಕ್ಸಲ್ಲಿ ಒಂದು ಗೆರೇನೂ ಬಿಟ್ಟಿಲ್ಲ. ಧೈರ್ಯವಾಗಿ ಪ್ರಿಂಟ್ ಮಾಡ್ಸಿ."

ನಿಹಾರಿಕಾ ಬೆಂಕಿ ಇಟ್ಟಳು. ಜೋಸೆಫ್ ಹಿಂದೆ ಸರಿದು, ಕಣ್ಣೊರೆಸಿಕೊಳ್ಳುತ್ತಲೇ ಫೋನಿನಲ್ಲಿ, "ಹೌದು, ಹಾಗೇ ಪ್ರಿಂಟ್ ಮಾಡಿ," ಎಂದ.

ಕಾರಿನ ಹತ್ತಿರ ಮಗಳು ಕೇಳಿದಳು. "ಯೂ ವಿಲ್ ಟೆಲ್ ಹಿಮ್, ರೈಟ್?"

"ಹೇಳ್ತೀನಿ. ಪುಸ್ತಕ ಬಿಡುಗಡೆ ದಿನ, ಎಲ್ಲರ ಮುಂದೆ."

ತಾರಾ ಹಿಂದಿನ ಸೀಟಿನಿಂದ ಹಾಳೆಯ ಸುರುಳಿಯನ್ನು ಎತ್ತಿಕೊಂಡಳು. ಗಂಡ ಕೂರುತ್ತಿದ್ದ ಮುಂದಿನ ಸೀಟಿಗೆ ಅದನ್ನು ಒರಗಿಸಿ, ಬೆಲ್ಟ್ ಎಳೆದು ಬಿಗಿದಳು.