ಗೇಟು ತೆರೆಯಲಿಲ್ಲ

ಅಂದು ಬೆಳಿಗ್ಗೆ ಸಂಪಗಾಂವದಲ್ಲಿ ಜಿಟಿಜಿಟಿ ಮಳೆ. (ಮಳೆಯಿಂದ ಶುರುಮಾಡುವುದು ಸುಲಭ, ಮಳೆಗೆ ನಾಚಿಕೆಯಿಲ್ಲ. ನನಗಿದೆ.) ಬೇರೆ ಎಲ್ಲಿಂದ ಶುರುಮಾಡಲಿ, ಓದುಗರೇ? ಸೈನಿಕನಿಂದಲೋ, ನನ್ನ ಸುಳ್ಳಿನಿಂದಲೋ?

೧. ಬಾಗಿಲಿನಿಂದಲೇ ಆಗಲಿ. ಕೋರಾನ್ನ ಭಿಕ್ಷೆಗೆ ಬಂದ ಜಂಗಮ ಗಂಗಯ್ಯನವರು ನಮ್ಮ ಪಕ್ಕದ ಮನೆಯ ಮುಂದೆ ಗಂಟೆ ಬಾರಿಸಿದರು. ಬಾಗಿಲು ತೆರೆಯಲಿಲ್ಲ. ಒಳಗೆ ಚನ್ನವ್ವನ ಮಗ ವಿರೂಪಾಕ್ಷ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಆಫ್ರಿಕಾದಲ್ಲಿ ಒಂದು ವರ್ಷ ಶಾಂತಿಪಾಲನಾ ಪಡೆಯಲ್ಲಿದ್ದು ರಜೆಗೆ ಬಂದ ಹವಾಲ್ದಾರ.

"ಅಯ್ಯಾರು ಮಳ್ಯಾಗ ನಿಂತಾರ, ಸರಿಯೋ ಯಪ್ಪಾ!"

"ಆರ್ಡರ್ ಬಂದಿಲ್ಲಬೇ."

ಚನ್ನವ್ವ ಹಿತ್ತಿಲಿನಿಂದ ಸುತ್ತಿ ಬಂದು ಹಿಟ್ಟು ನೀಡಿದಳು. ಕಟ್ಟೆಯ ಮೇಲೆ ಕೂತಿದ್ದ ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡೆ.

೨. (ಇದನ್ನು ಮೂರು ಸಲ ಬರೆದು ಹರಿದಿದ್ದೇನೆ.) ನಾನು ಮಠದಲ್ಲಿ ಪುರಾಣ ಹೇಳುವವನು. ಆ ಮಳೆಯ ದಿನಕ್ಕೆ ಹದಿನೈದು ದಿನ ಮೊದಲು ವಿರೂಪಾಕ್ಷ ನನ್ನೊಬ್ಬನಿಗೇ ಹೇಳಿದ್ದ: ಅವನು ಕ್ಯಾಂಪಿನ ಗೇಟು ಕಾಯುತ್ತಿದ್ದಾಗ ಹೆಂಗಸರು ಕೂಸುಗಳನ್ನೆತ್ತಿಕೊಂಡು ಬಂದು ಬಡಿದರು. ಅವರ ಬೆನ್ನ ಹಿಂದೆ ಬಂದೂಕಿನವರು. ತೆರೆಯಲು ಆರ್ಡರ್ ಬರಲಿಲ್ಲ. ಬಂದಾಗ ಬಡಿಯುವವರು ಇರಲಿಲ್ಲ.

ಮರುದಿನ ಮಠದಲ್ಲಿ ಅವನಿಗೆ ಶಾಲು ಹೊದಿಸಿದರು. ಮೈಕು ನನ್ನ ಕೈಗೆ ಬಂತು. ಭಕ್ತೆ ಕೂಗಿದರೆ ಗುಡಿಯ ಕದ ತೆರೆಯುವ ಕಥೆಗಳನ್ನು ನಲವತ್ತು ವರ್ಷ ಹೇಳಿದ ನಾಲಿಗೆ ಇದು. ಆ ಗೇಟನ್ನೂ ತೆರೆದುಬಿಟ್ಟಿತು. ಹೆಂಗಸರು ಒಳಗೆ ಬಂದರು, ಕೂಸುಗಳು ಹಾಲು ಕುಡಿದವು. (ಹಾಲು! ಅದೆಲ್ಲಿಂದ ಬಂತೋ ಶಿವನೇ ಬಲ್ಲ.) ಜನ ಅವನ ಕಾಲಿಗೆ ಬಿದ್ದರು. ಅಂದಿನಿಂದ ಅವನು ಯಾರಿಗೂ ಬಾಗಿಲು ತೆರೆಯುತ್ತಿಲ್ಲ.

೩. ಈ ಕಥೆಗೆ ನಾನು ಕಟ್ಟಿದ ಮುಕ್ತಾಯ, ಒಂದನೆಯದು: ಗಂಗಯ್ಯನವರು ಅವನ ಹಣೆಗೆ ವಿಭೂತಿ ಹಚ್ಚುತ್ತಾರೆ. ಅವನು ಅತ್ತು ಹಗುರಾಗುತ್ತಾನೆ.

"ಮತ್ತ ಹಾಲು ಕುಡಸಾಕ ಹತ್ತೀರಲ್ಲ ಕಾಕಾ," ಎಂದ ವಿರೂಪಾಕ್ಷ, ಕಥೆಯೊಳಗಿನಿಂದಲೇ.

ಎರಡನೆಯದು: ಅವನು ಬೆಳಗಾವಿಗೆ ಹೋಗಿ ಮಿಲಿಟರಿ ಡಾಕ್ಟರಿಗೆ ಎಲ್ಲವನ್ನೂ ಹೇಳುತ್ತಾನೆ.

"ಏನಂತ ಹೇಳ್ಲಿ? ನಿದ್ದಿ ಚೊಲೊ, ಊಟ ಚೊಲೊ, ಎಲ್ಲಾ ಫೈನ್ ಅಂತ ಫಾರ್ಮಿನ್ಯಾಗ ನಾ ಟಿಕ್ ಹಾಕಿ ಬಂದೇನಿ. ಊರಾಗ ನೀವು ಹಾಕೀರಿ."

"ತಪ್ಪಾತೋ ತಮ್ಮಾ."

"ನನ್ನ ಮುಂದ ಯಾಕ ಅಂತೀರಿ? ಮೈಕಿನ್ಯಾಗ ಅನ್ರಿ."

೫. (ನಾಲ್ಕನೆಯದು ನನ್ನ ಸಮರ್ಥನೆ. ತೆಗೆದಿದ್ದೇನೆ.) ಸೋಮವಾರ ಮಠದಲ್ಲಿ, ಅದೇ ಜನರ ಮುಂದೆ, ಹಾಳೆ ಹಿಡಿದು ಓದಿದೆ: ಗೇಟು ತೆರೆಯಲಿಲ್ಲ. ತೆರೆಯಿತೆಂದು ಹೇಳಿದವನು ನಾನು, ಅವನಲ್ಲ.

ಮುಂದಿನ ಸಾಲಿನಲ್ಲಿದ್ದ ಪದ್ಮವ್ವ ಆರತಿ ತಟ್ಟೆ ಹಿಡಿದೇ ಕೇಳಿದಳು: "ಮುಂದ ಏನಾತ್ರೀ ಅಜ್ಜಾರ?"

"ಗೊತ್ತಿಲ್ಲವಾ."

ಓದುಗರೇ, ನಿಮಗೂ ಅದೇ ಉತ್ತರ. ಊರು ಅವನನ್ನು ನಾಳೆ ಹೇಗೆ ನೋಡುತ್ತದೆಂದೂ ತಿಳಿಯದು.

ಹೊರಗೆ, ಚಪ್ಪಲಿಗಳ ಹತ್ತಿರ, ವಿರೂಪಾಕ್ಷ ನಿಂತಿದ್ದ.

"ಆ ಹಾಳಿ ನನಗ ಬೇಕ್ರಿ. ಡಾಕ್ಟರ್ ಮುಂದ ನನಗ ಬಾಯಿ ಬರೂದಿಲ್ಲ."

ತೋರಿಸುತ್ತಾನೋ, ಬಸ್ಸಿನಲ್ಲೇ ಹರಿಯುತ್ತಾನೋ, ಕೇಳಲಿಲ್ಲ. ಅದು ಅವನದು. ಮಡಿಚಿ ಅವನ ಕೈಗಿಟ್ಟೆ.