ಸೋರೆಬಳ್ಳಿಯ ಬೀಗತನ

ಆ ಹಳೇ ಕಟ್ಟಡದ ಮೆಟ್ಟಿಲು ಹತ್ತಿ ತಾರಸಿಯವರೆಗೆ ಬರುವವರು ಬರುತ್ತಿದ್ದದ್ದು ಒಂದೇ ಒಂದು ಮಾತಿಗಾಗಿ. ಸೊಪ್ಪಣ್ಣ ತಾನು ಅಲ್ಲಿ ಬೆಳೆದ ಕಾಯಿಯ ತುದಿ ಕೊಯ್ದು, ಒಂದು ಚೂರು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಆಮೇಲೆ "ಸಿಹಿ" ಅನ್ನಬೇಕು. ಅಂದ ಮೇಲೆ ಕಾಯಿ ಅವರ ಚೀಲಕ್ಕೆ. ಅನ್ನುವ ಮುಂಚೆ ಯಾರಾದರೂ ಕೈ ಚಾಚಿದರೆ ಚಾಕುವಿನ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದೇಟು.

"ಸೌತೆ, ಸೋರೆ, ಈ ಜಾತೀನ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ ಕಣ್ರೀ. ಯಾವುದೋ ಒಂದು ಹೊಟ್ಟೇಲಿ ವಿಷ ಇಟ್ಕೊಂಡು ಹಲ್ಲು ಕಿರೀತಾ ನೇತಾಡ್ತಿರುತ್ತೆ. ಕಹಿ ಇದ್ರೆ ಎಸೀಬೇಕು. ಬೇಯಿಸಿದ್ರೂ ಹೋಗಲ್ಲ, ಉಪ್ಪು ಹಾಕಿದ್ರೂ ಹೋಗಲ್ಲ."

ಈ ಪಾಠ ಕಟ್ಟಡದಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೆ ಪಾಠ ಬಂದವರು ಯಾರೂ ತಾವೇ ರುಚಿ ನೋಡುತ್ತಿರಲಿಲ್ಲ. ಸೊಪ್ಪಣ್ಣ ನೋಡಿದ ಮೇಲೆ ನಮ್ಮದೇನು?

ಸೊಪ್ಪಣ್ಣನ ಹೊಟ್ಟೆಪಾಡು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಗಾಜಿನ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದು, ನೀರು ಬಿಡುತ್ತಾ, ಚೌಕಟ್ಟಿಗೆ ಕೂರುವವರೆಗೆ ಉಜ್ಜುವುದು. ದೀಪಕ್ಕೆ ಹಿಡಿದು ಗೀರಿದೆಯೇ ನೋಡುವುದು. ಗಿರಾಕಿಯ ಮುಖ ಅವನು ನೋಡಿದ್ದೇ ಅಪರೂಪ. ಚೀಟಿಯ ಮೇಲಿನ ನಂಬರು ಮಾತ್ರ. ಮದುವೆ ಆಗಬೇಕು ಅಂತ ಮನೆಯವರು ಹೇಳುತ್ತಿದ್ದ ಕಾಲದಲ್ಲಿ "ನೋಡೋಣ" ಅನ್ನುತ್ತಿದ್ದ. ನೋಡುತ್ತಾ ನೋಡುತ್ತಾ ಹೇಳುವವರೇ ಮುಗಿದುಹೋದರು. ತಾರಸಿಯ ಮೇಲಿನ ಒಂಟಿ ಕೋಣೆಗೆ ಬಂದಾಗ ಬಣ್ಣದ ಖಾಲಿ ಡಬ್ಬಿಯೊಂದರಲ್ಲಿ ಪುದೀನದ ಕಡ್ಡಿ ಚುಚ್ಚಿದ. ಪುದೀನ ಅಂದರೆ ಗೊತ್ತಲ್ಲ, ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ. ಒಂದು ಡಬ್ಬಿ ಹತ್ತಾಯಿತು, ಒಡೆದ ಬಕೆಟ್ಟು ಬಂತು, ಯಾರೋ ಎಸೆದ ಸ್ನಾನದ ತೊಟ್ಟಿ ಬಂತು. ನೆಗಡಿಯವರಿಗೆ ಒಂದೆಲೆ, ನಿದ್ದೆ ಬಾರದವರಿಗೆ ಒಂದೆಲೆ, ಹೊಟ್ಟೆ ಕೆಟ್ಟವರಿಗೆ ಒಂದೆಲೆ. ವಾಸಿಯಾದರೆ ಎಲೆಯ ಗುಣ, ಆಗದಿದ್ದರೆ "ಡಾಕ್ಟರ ಹತ್ರ ಹೋಗಿ ಮಾರಾಯ್ರೇ, ನಾನು ಗಾಜು ಉಜ್ಜೋನು."

ಮೊದಲನೇ ಮಹಡಿಯಲ್ಲಿ ಟೈಲರಮ್ಮ ಮತ್ತು ಅವಳ ಅತ್ತೆ. ಅತ್ತೆಯನ್ನು ಇಡೀ ಕಟ್ಟಡ ಹಿರಿಯಮ್ಮ ಅನ್ನುತ್ತಿತ್ತು. ಮಂಡಿ ನೋವಿನಿಂದ ಮೆಟ್ಟಿಲು ಹತ್ತಲಾರಳು, ನಾಲಿಗೆಗೆ ಮಾತ್ರ ಮಂಡಿಯಿಲ್ಲ. ಸಕ್ಕರೆ ಕಾಯಿಲೆಯವಳು. ಚಳಿಗಾಲವಿಡೀ ಸೊಪ್ಪಣ್ಣ ಅವಳಿಗೆ ಕಹಿಸೊಪ್ಪಿನ ರಸ ಕಳಿಸಿದ್ದ, ಜೊತೆಗೊಂದು ಉಪದೇಶ ಸೇರಿಸಿ: "ಕಹಿ ಅಂತ ಮುಖ ಸಿಂಡರಿಸಬೇಡಿ. ಕಹಿ ಇದ್ರೇನೇ ಮದ್ದು."

ಅವನ ಎರಡು ಉಪದೇಶಗಳು ಒಂದರ ಕಾಲನ್ನು ಒಂದು ತುಳಿಯುತ್ತವೆ ಅಂತ ಆಗ ಯಾರಿಗೂ ಹೊಳೆದಿರಲಿಲ್ಲ.

ಹಿಂದಿನ ವರ್ಷ ಅಂಗಡಿಗೆ ಹಡಗಿನ ಅಡುಗೆಯವನೊಬ್ಬ ಕನ್ನಡಕಕ್ಕೆ ಬಂದಿದ್ದ. ಹೋಗುವಾಗ ಹಿಂಬದಿಯ ಕೋಣೆಗೆ ಇಣುಕಿ, ಕಾಗದದಲ್ಲಿ ನಾಲ್ಕು ಬೀಜ ಕಟ್ಟಿಕೊಟ್ಟ. ಗುಂಡನೆಯ ಸೋರೆ, ತಿನ್ನುವುದಲ್ಲ, ಒಣಗಿಸಿ ನೀರು ಮೊಗೆಯಲು ಬುರುಡೆ ಮಾಡುವುದು. ಸೊಪ್ಪಣ್ಣ ಅದನ್ನು ತನ್ನ ಉದ್ದನೆಯ ಸೋರೆಯ ಪಕ್ಕದಲ್ಲೇ ಹಬ್ಬಿಸಿದ. ಸೋರೆಯ ಹೂ ಅರಳುವುದು ಸಂಜೆ. ಅಂಗಡಿಯಿಂದ ಬಂದವನೇ ಗುಂಡನ ಗಂಡು ಹೂ ಕಿತ್ತು ಉದ್ದದವಳ ಹೆಣ್ಣು ಹೂವಿಗೆ ಮುಟ್ಟಿಸಿದ.

"ಏನ್ರೀ ಅದು, ಸಂಜೆ ಹೊತ್ತಲ್ಲಿ?" ಅಂತ ಬಟ್ಟೆ ತೆಗೆಯಲು ಬಂದ ಟೈಲರಮ್ಮ ಕೇಳಿದ್ದಳು.

"ಬೀಗತನ. ಆ ಡಬ್ಬಿ ಹುಡುಗ, ಈ ಬಕೆಟ್ಟಿನ ಹುಡುಗಿ."

"ನಿಮ್ದೇ ಒಂದು ಆಗ್ಲಿಲ್ಲ, ಊರೋರ್ದು ಮಾಡಿಸ್ತೀರಾ!"

"ನನ್ನ ಹೂವಿಗೆ ಯಾರೂ ಕೈ ಹಾಕ್ಲಿಲ್ಲವಲ್ಲಮ್ಮ." ಇಬ್ಬರೂ ನಕ್ಕರು. ಅವಳು ಬಟ್ಟೆ ಹೊತ್ತು ಕೆಳಗಿಳಿದಳು. ಅವನು ಆ ಮಾತನ್ನು ಮರುದಿನ ಗಾಜು ಉಜ್ಜುತ್ತಲೂ ನೆನೆದು ನಕ್ಕ.

ಆ ಹೂವಿನ ಕಾಯನ್ನು ಬಲಿಯಲು ಬಿಟ್ಟು ಬೀಜ ಇಟ್ಟುಕೊಂಡ. ಈ ವರ್ಷ ಬಿತ್ತಿದ್ದು ಅದನ್ನೇ. ಬಳ್ಳಿ ದಾಂಡಿಗನ ಹಾಗೆ ಎದ್ದಿತು. ಮೊದಲ ಕಾಯಿ ಕಂಡಾಗ ಟೈಲರಮ್ಮನೇ ಹೆಸರಿಟ್ಟಳು, "ಸೊಪ್ಪಣ್ಣನ ಮೊಮ್ಮಗ" ಅಂತ. ಕುತ್ತಿಗೆ ತಾಯಿಯದು, ಹೊಟ್ಟೆ ತಂದೆಯದು.

ಇಷ್ಟರ ನಡುವೆ ಅವನಿಗೊಂದು ಜ್ವರ ಬಂದು ಹೋಗಿತ್ತು. ಜ್ವರ ಹೋಗುವಾಗ ಬರಿಗೈಲಿ ಹೋಗಲಿಲ್ಲ. ಎದ್ದ ದಿನ ಪುದೀನ ಕಿವುಚಿ ಮೂಗಿಗೆ ಹಿಡಿದ: ಏನೂ ಇಲ್ಲ. ನಿಂಬೆ ಕಚ್ಚಿದ: ಹಲ್ಲು ಜುಮ್ಮೆಂದಿತು, ಹುಳಿ ಬರಲಿಲ್ಲ. ಮೆಣಸಿನಕಾಯಿ ಉರಿಯಿತು, ಅಷ್ಟೆ. ಖಾರ ಅನ್ನುವುದು ರುಚಿಯಲ್ಲ, ಬರೀ ನೋವು ಅಂತ ಅವನಿಗೆ ಗೊತ್ತಾದದ್ದೇ ಆಗ. ಡಾಕ್ಟರು "ಬಂದ್ರೆ ಬರುತ್ತೆ, ಕಾಯಿರಿ" ಅಂದರು. ದಿನಾ ಬೆಳಿಗ್ಗೆ ಡಬ್ಬಿಯಿಂದ ಡಬ್ಬಿಗೆ ಬಗ್ಗಿ ಒಂದೊಂದು ಎಲೆ ಅಗಿಯುತ್ತಾ ಬಂದ. ಎಲ್ಲವೂ ಒದ್ದೆ ಕಾಗದ.

ಹೇಳಬೇಕು ಅಂತಲೇ ಇದ್ದ. ಅಷ್ಟರಲ್ಲಿ ಮೇಲಿನ ಮಹಡಿಯವರು ಸೌತೆಕಾಯಿ ಹಿಡಿದು ನಿಂತರು, "ನೋಡಿ ಹೇಳಿ." ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ, "ಸಿಹಿ" ಅಂದ. ಅವರು ಹೋಗಲಿಲ್ಲ, ತೊಟ್ಟಿಯ ಅಂಚಿನ ಮೇಲೆ ಕೂತು ಮಗಳ ಪರೀಕ್ಷೆಯ ಸುದ್ದಿ ಹೇಳಿದರು. ನಾಲಿಗೆ ಸತ್ತಿದೆ ಅಂದುಬಿಟ್ಟರೆ ಈ ಮೆಟ್ಟಿಲು ಹತ್ತಿ ಯಾರು ಬರುತ್ತಾರೆ? ನಾಳೆ ಹೇಳೋಣ ಅಂದುಕೊಂಡ. ಮದುವೆಗೂ ಅವನು ಹಾಗೇ ಅಂದುಕೊಂಡವನು.

ಒಂದು ಭಾನುವಾರ ಟೈಲರಮ್ಮ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಓಡಿಬಂದಳು. "ಅತ್ತೆಗೆ ಹಸಿ ಸೋರೆ ರಸ ಬೇಕಂತೆ. ಸಕ್ಕರೆಗೆ ಒಳ್ಳೇದು ಅಂತ ಯಾರೋ ಫೋನಲ್ಲಿ ಹೇಳಿದ್ರಂತೆ. ಮೊಮ್ಮಗನ್ನ ಕೊಡ್ತೀರಾ?"

ಸೊಪ್ಪಣ್ಣ ಕೊಯ್ದ. ತುದಿ ತೆಗೆದ. ಚೂರನ್ನು ನಾಲಿಗೆಯ ಮೇಲಿಟ್ಟ. ತಣ್ಣಗಿತ್ತು, ಜಾರುತ್ತಿತ್ತು. ಕಣ್ಣು ಮುಚ್ಚಿದ, ಮುಚ್ಚಿದ ಕಣ್ಣೊಳಗೆ ಏನಾದರೂ ಬರುತ್ತದೇನೋ ಅಂತ ಒಂದು ಗಳಿಗೆ ಹೆಚ್ಚೇ ಕಾದ.

"ಏನ್ರೀ, ನಿದ್ದೆ ಮಾಡ್ಬಿಟ್ರಾ?"

"ಸಿಹಿ," ಅಂದ.

ಅವಳು ಹೋದ ಮೇಲೆ ಸಿಪ್ಪೆಯ ತುಂಡನ್ನು ಗೋಡೆಯ ಮೇಲಿಟ್ಟ. ಅಲ್ಲಿಗೆ ದಿನಾ ಬರುವ ಅಳಿಲೊಂದಿತ್ತು, ಸೋಪನ್ನೂ ಬಿಟ್ಟದ್ದಲ್ಲ. ಬಂತು, ಕಚ್ಚಿತು, ಹಿಂದಕ್ಕೆ ಹಾರಿತು. ಬಾಯನ್ನು ಗೋಡೆಗೆ ಆ ಕಡೆ ಈ ಕಡೆ ಉಜ್ಜಿತು, ತಿರುಗಿ ನೋಡದೆ ಓಡಿತು. ಸೊಪ್ಪಣ್ಣ ಬಳ್ಳಿಯತ್ತ ತಿರುಗಿದ. ಪ್ರತಿ ವರ್ಷ ಎಳೆಗಾಯಿಗಳ ಮೇಲೆ ಅದರ ಹಲ್ಲಿನ ಗುರುತಿರುತ್ತಿತ್ತು. ಈ ಬಳ್ಳಿಯಲ್ಲಿ ಒಂದು ಕಾಯಿಗೂ ಗೀರಿಲ್ಲ. ಗಾಜಿನ ಗೀರು ಹುಡುಕುವ ಕಣ್ಣಿಗೆ ಇಷ್ಟು ದಿನ ಅದು ಕಾಣಲಿಲ್ಲವೇ! ಮೊಮ್ಮಗನಿಗೆ ಹೊಟ್ಟೆಯಷ್ಟೇ ಅಲ್ಲ, ಕಹಿಯೂ ತಂದೆಯದೇ ಬಂದಿತ್ತು.

ಚಪ್ಪಲಿ ಹಾಕದೆ ಇಳಿದ. ಅಡುಗೆಮನೆಯಲ್ಲಿ ಹಿರಿಯಮ್ಮ ಕುರ್ಚಿಯ ಮೇಲೆ ಕೂತು, ಮೂಗು ಹಿಡಿದು, ಲೋಟ ಎತ್ತಿದ್ದಳು. ಅರ್ಧ ಖಾಲಿಯಾಗಿತ್ತು.

"ಕುಡೀಬೇಡಿ! ಕಹಿ ಇದೆಯಾ?"

"ಇದೆಯಾ ಅಂತ ಕೇಳ್ತಾನಲ್ಲ! ಯಮಕಹಿ. ನೀನೇ ಹೇಳಿಲ್ವೇನೋ, ಕಹಿ ಇದ್ರೇನೇ ಮದ್ದು ಅಂತ? ಮುಖಾನೂ ಸಿಂಡರಿಸಿಲ್ಲ ನೋಡು," ಅಂತ ಲೋಟವನ್ನು ಮತ್ತೆ ಬಾಯಿಗೆ ತಂದಳು.

ಅವನು ಕಿತ್ತುಕೊಂಡ. ರಸ ಅವಳ ಸೆರಗಿಗೆ, ಹೊಲಿಗೆಗೆಂದು ಮಡಿಸಿಟ್ಟ ಬಟ್ಟೆಗೆ ಚೆಲ್ಲಿತು.

"ಏನ್ರೀ ಇದು? ನೀವೇ ನೋಡಿ ಸಿಹಿ ಅಂದ್ರಲ್ಲ?" ಅಂದಳು ಟೈಲರಮ್ಮ.

"ನನಗೆ ಗೊತ್ತಾಗಲ್ಲಮ್ಮ. ಕಹೀನೂ ಗೊತ್ತಾಗಲ್ಲ, ಸಿಹೀನೂ ಗೊತ್ತಾಗಲ್ಲ. ಜ್ವರ ಬಂತಲ್ಲ, ಆವತ್ತಿಂದ."

ಅವಳು ಅವನನ್ನೇ ನೋಡಿದಳು. "ಆವತ್ತಿಂದ ಎಷ್ಟು ಸಲ ಸಿಹಿ ಅಂದ್ರಿ?"

ಅಷ್ಟರಲ್ಲಿ ಹಿರಿಯಮ್ಮ ಹೊಟ್ಟೆ ಹಿಡಿದು ಬಗ್ಗಿದಳು. ವಾಂತಿ ನಿಲ್ಲಲಿಲ್ಲ. ಆಸ್ಪತ್ರೆಗೆ ಅವನೇ ಎತ್ತಿಕೊಂಡು ಇಳಿದ. ಲೋಟ ಪೂರ್ತಿ ಆಗಿದ್ದರೆ ಕಷ್ಟವಿತ್ತು ಅಂತ ಅಲ್ಲಿಯವರು ಹೇಳಿದರು. ಆಸ್ಪತ್ರೆಯಲ್ಲೇ ಇಟ್ಟುಕೊಂಡು ಸಲೈನ್ ಬಾಟಲಿ ಏರಿಸಿದರು. ಅವನು ಕಾರಿಡಾರಿನ ಬೆಂಚಿನ ಮೇಲೆ ಕೂತೇ ಇದ್ದ. ಟೈಲರಮ್ಮ ಒಮ್ಮೆ ಬಾಗಿಲಿಗೆ ಬಂದು, "ನೀವು ಹೋಗಿ ಅಣ್ಣ," ಅಂದಳು. ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು.

ಹಿರಿಯಮ್ಮ ಬದುಕಿ ಮನೆಗೆ ಬಂದಳು. ಬಳ್ಳಿಯನ್ನು ಅವನು ಅದಾಗಲೇ ಬೇರು ಸಮೇತ ಕಿತ್ತಿದ್ದ. ಇಟ್ಟಿದ್ದ ಬೀಜಗಳನ್ನೂ ಸುಟ್ಟಿದ್ದ. ಯಾರೂ ಬಯ್ಯಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ "ಊಟ ಆಯ್ತಾ" ಅಂತಲೂ ಕೇಳುತ್ತಿದ್ದರು. ಮೇಲೆ ಮಾತ್ರ ಬರಲಿಲ್ಲ. ಟೈಲರಮ್ಮ ಬಟ್ಟೆಯನ್ನು ಕಿಟಕಿಯ ಸರಳಿಗೇ ಒಣಹಾಕಿದಳು. ಪುದೀನ ತೊಟ್ಟಿ ತುಂಬಿ ನೆಲಕ್ಕಿಳಿಯಿತು. ಚಾಕುವನ್ನು ಅವನು ತೊಳೆದು ಒಳಗಿಟ್ಟ. ಊಟಕ್ಕೆ ಕೂತಾಗ ಅನ್ನ ಬಿಸಿಯಿದೆಯೋ ತಣ್ಣಗಿದೆಯೋ ಅನ್ನುವುದೊಂದೇ ಸುದ್ದಿ.

ಟೊಮೇಟೊ ಹಣ್ಣಾಯಿತು. ಉದುರಿದವನ್ನು ಅಳಿಲು ತಿಂದಿತು. ಒಂದು ಮಧ್ಯಾಹ್ನ ಅವನು ಒಂದನ್ನು ಕಿತ್ತು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಕೆಳಗಿನಿಂದ ಮಣ್ಣು ಎಳೆದುಕೊಳ್ಳುವ ಬುಟ್ಟಿಗೆ ಹಾಕಿ, ಹಗ್ಗ ಬಿಟ್ಟು, ಮೊದಲನೇ ಮಹಡಿಯ ಅಡುಗೆಮನೆಯ ಕಿಟಕಿಯೆದುರು ನಿಲ್ಲಿಸಿದ. ಕಿಟಕಿ ಮುಚ್ಚಿತ್ತು. ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಬಗ್ಗಿ ನೋಡಲು ಧೈರ್ಯವಿಲ್ಲದೆ ಗೋಡೆಗೆ ಬೆನ್ನು ಕೊಟ್ಟು ಕೂತ. ಹಗ್ಗ ಅಂಗೈ ಕೊರೆಯಿತು.

ಕಿಟಕಿಯ ಚಿಲಕ ಸರಿದ ಸದ್ದು. ಹಗ್ಗ ಹಗುರಾಯಿತು.

"ಕಳ್ಳನನ್ಮಗನೇ," ಅಂತ ಕೆಳಗಿನಿಂದ ಹಿರಿಯಮ್ಮನ ದನಿ ಕೇಳಿತು, "ಈ ಸಲ ನೀನು ಏನೂ ಹೇಳ್ಬೇಡ. ಬಾಯಿ ಮುಚ್ಕೊಂಡಿರು."

ಅವನು ಮುಚ್ಚಿಕೊಂಡಿದ್ದ. ಕಣ್ಣನ್ನೂ ಮುಚ್ಚಿಕೊಂಡ. ಕೆಳಗೆ ಯಾರೋ ಚೂರೇ ಚೂರು ಕಚ್ಚಿ, ನಾಲಿಗೆಯ ಮೇಲಿಟ್ಟುಕೊಂಡು, ಕಾಯುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು.

"ಸಪ್ಪೆ!" ಅಂದಳು. "ಗಿಡಕ್ಕೆ ನೀರು ಜಾಸ್ತಿ ಹಾಕಿದ್ದೀಯ. ಸಪ್ಪೆ ಅಂದ್ರೆ ಸಪ್ಪೆ."

"ನನಗೂ," ಅಂದ ಸೊಪ್ಪಣ್ಣ.

ಕೆಳಗೆ ಕೇಳಿಸಿತೋ ಇಲ್ಲವೋ. ಕಿಟಕಿ ಮುಚ್ಚಿತು. ಖಾಲಿ ಬುಟ್ಟಿ ಗಾಳಿಗೆ ಗೋಡೆಗೆ ತಾಗುತ್ತಾ ಅಲ್ಲೇ ತೂಗುತ್ತಿತ್ತು. ಮೇಲೆಳೆಯಲು ಅವನಿಗೆ ಅವಸರವೇನೂ ಇರಲಿಲ್ಲ.